ಪಿಯು ಓದುತ್ತಿರುವ ಅಕ್ಕನ ಮಗ ಕುಡಿಯುತ್ತಿದ್ದಾನೆ, ಈಗ ಏನು ಮಾಡಲಿ?

ಕುವೆಂಪುನಗರದ ಚಿಕ್ಕಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಊರು ಮದ್ದೂರು ತಾಲ್ಲೂಕಿನಲ್ಲಿದೆ. ಅವಳ ಮಗ ಪಿಯುಸಿ ಓದೋಕೆ ಅಂತ ಮೈಸೂರಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ಇನ್ನೂ ಹದಿನೇಳು ತುಂಬಿಲ್ಲ. ಓದಿನಲ್ಲಿ ಚುರುಕು, ನನ್ನ ಮಕ್ಕಳಿಗೂ ಅವನೆಂದರೆ ಪ್ರಾಣ. ದಸರಾ ರಜೆಗೆ ಊರಿಗೆ ಹೋಗಿ ಬಂದ ಮೇಲೆ ಹುಡುಗ ಬದಲಾಗಿದ್ದಾನೆ. ಟ್ಯೂಷನ್ ಅಂತ ಹೋದವನು ಕತ್ತಲಾದ ಮೇಲೆ ಬರುತ್ತಾನೆ. ಬಂದವನೇ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿಯುತ್ತಾ ರೂಮು ಸೇರಿಕೊಳ್ಳುತ್ತಾನೆ. ಮೊನ್ನೆ ಒಗೆಯೋಕೆ ಅಂತ ಅವನ ಬ್ಯಾಗ್ ಖಾಲಿ ಮಾಡಿದೆ. ಅಡಿಯಲ್ಲಿ 90 ಎಂಎಲ್‌ನ ಖಾಲಿ ಪ್ಯಾಕೆಟ್ಟುಗಳು, ಒಂದು ಕಣ್ಣಿನ ಡ್ರಾಪ್ಸ್, ತುಟಿ ಒಳಗೆ ಇಟ್ಟುಕೊಳ್ಳುವ ತಂಬಾಕಿನ ಸಣ್ಣ ಚೀಲಗಳ ಡಬ್ಬಿ.

ಅವನನ್ನು ಇನ್ನೂ ಏನೂ ಕೇಳಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಅಳೋಕೆ ಶುರು ಮಾಡಿದಳು. ಭಾವ ಫೋನ್ ಕಿತ್ತುಕೊಂಡು, "ಭಾನುವಾರ ಬತ್ತೀನಿ, ಕಟ್ಟಾಕಿ ಚರ್ಮ ಸುಲಿತೀನಿ. ಅದ್ಕೂ ಬಗ್ಗದಿದ್ರೆ ಯಾವ್ದಾದ್ರೂ ಸೆಂಟರ್‌ಗೆ ಬಿಟ್ಬುಡ್ತೀನಿ" ಅಂದರು. ಊರಲ್ಲಿ ಯಾರೋ ಅಕ್ಕನಿಗೆ ಸಾರಿನಲ್ಲಿ ಕಲಸಿ ಕೊಡೋ ಪುಡಿ ಇದೆ, ಗೊತ್ತಾಗದ ಹಾಗೆ ಚಟ ಬಿಡಿಸುತ್ತದೆ ಅಂತ ಹೇಳಿದ್ದಾರಂತೆ. ಕಳಿಸಲಾ ಅಂತ ಕೇಳುತ್ತಿದ್ದಾಳೆ. ನನಗೆ ದಿಕ್ಕು ತೋಚುತ್ತಿಲ್ಲ. ಇಂಥದ್ದನ್ನು ನೋಡಿದವರು ದಯವಿಟ್ಟು ಹೇಳಿ.

ಕೆ.ಆರ್. ಪೇಟೆ ರೈತ:

ತಂಗಿ, ಗಾಬರಿ ಬೀಳಬೇಡಿ. ನಮ್ಮ ಕಡೆ ಆ ವಯಸ್ಸಿಗೆ ಒಂದು ಸಲ ರುಚಿ ನೋಡದ ಗಂಡು ಹುಡುಗರು ಕಡಿಮೆ. ನಿಮ್ಮ ಭಾವ ನಾಲ್ಕು ಬಾರಿಸಿ ಊರಿಗೆ ಕರ್ಕೊಂಡು ಹೋಗಲಿ. ಸ್ವಲ್ಪ ದಿನ ಕಬ್ಬು ಕಡಿಯೋಕೆ ಹಚ್ಚಿದರೆ ಮೈಯೂ ಬಗ್ಗುತ್ತದೆ, ಬುದ್ಧಿಯೂ ಬರುತ್ತದೆ. ನನಗೆ ಹೆದರಿಕೆ ಎಣ್ಣೆಯದ್ದಲ್ಲ, ಪಟ್ಟಣದಲ್ಲಿ ಸಿಗುವ ಬೇರೆ ಮಾಲಿನದ್ದು. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನವರೆಗೂ ಬಂದು ಮೆಫೆಡ್ರೋನ್ ಅನ್ನೋ ಮಾದಕ ವಸ್ತು ತಯಾರಿಸುತ್ತಿದ್ದ ಜಾಗ ಹಿಡಿದರಲ್ಲ. ನೂರಾರು ಕೋಟಿ ಬೆಲೆಯ ಮಾಲು ಅಂತ ಪೇಪರ್‌ನಲ್ಲಿ ಬಂದಿತ್ತು. ಮಕ್ಕಳನ್ನು ಕೆಡಿಸುತ್ತಿರೋರು ಅಂಥವರು. ಮೊದಲು ಅವರನ್ನು ಮಟ್ಟ ಹಾಕಬೇಕು.

ಪಾಂಡವಪುರದ ಮೇಷ್ಟ್ರು:

ಅಣ್ಣ, ನಿಮ್ಮ ಕಾಳಜಿ ನಿಜವಾದದ್ದು. ಆದರೆ ಹೈಸ್ಕೂಲು ಮಕ್ಕಳ ನಡುವೆಯೇ ಕೆಲಸ ಮಾಡಿಕೊಂಡು ಬಂದವನಾಗಿ ಒಂದು ಮಾತು ಹೇಳಲೇಬೇಕು. ನಮ್ಮ ಮಂಡ್ಯ ಕಡೆ ಹುಡುಗರಿಗೆ ಮೊದಲ ಗುಟುಕು ಕೊಡುವವನು ಮುಖ ಗೊತ್ತಿಲ್ಲದ ಮಾಲಿನವನಲ್ಲ. ಮಾವ ಕೊಡುತ್ತಾನೆ, ಚಿಕ್ಕಪ್ಪ ಕೊಡುತ್ತಾನೆ, ದೊಡ್ಡಪ್ಪನ ಮಗ ಕೊಡುತ್ತಾನೆ.

ಒಂದು ಬೀಗರೂಟ ನೆನಪಿಸಿಕೊಳ್ಳಿ. ಶಾಮಿಯಾನದ ಕೆಳಗೆ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು ಬಡಿಸುತ್ತಿರುತ್ತಾರೆ. ಹಿಂದುಗಡೆ ತೆಂಗಿನ ತೋಟದಲ್ಲಿ ಇನ್ನೊಂದು ಪಂಕ್ತಿ ಕೂತಿರುತ್ತದೆ. ಅಲ್ಲಿಗೆ ನೀರಿನ ಬಾಟ್ಲಿ, ಪ್ಲಾಸ್ಟಿಕ್ ಲೋಟ, ಕಡ್ಲೆಬೀಜ, ತಟ್ಟೆಯಲ್ಲಿ ಚಾಕ್ನ ಹೊತ್ತು ಓಡಾಡೋರು ಯಾರು? ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸಿನ ಹುಡುಗರು. ಖಾಲಿಯಾದರೆ ದುಡ್ಡು ಕೊಟ್ಟು ಬೈಕ್ ಹತ್ತಿಸಿ ಕಳಿಸೋದೂ ಅವರನ್ನೇ. ಯಾವುದಕ್ಕೆ ಎಷ್ಟು ನೀರು ಬೆರೆಸಬೇಕು ಅನ್ನೋದು ಆ ಹುಡುಗರಿಗೆ ಬಾಯಿಪಾಠ. ಕೊನೆಗೆ ಲೋಟದ ತಳದಲ್ಲಿ ಉಳಿದದ್ದನ್ನು ಮುಂದೆ ಹಿಡಿದು, "ಹಾಕ್ಲಾ, ಗಂಡ್ಸಲ್ವೇನ್ಲಾ ನೀನು" ಅನ್ನೋರು ಒಬ್ಬರು ಇದ್ದೇ ಇರುತ್ತಾರೆ. ಸುತ್ತ ಕೂತವರೆಲ್ಲ ನಗುತ್ತಾರೆ. ಹುಡುಗ ಮೂಗು ಮುಚ್ಚಿಕೊಂಡು ಕುಡಿಯುತ್ತಾನೆ. ಅವನಿಗೆ ಆ ಕಹಿ ಬೇಕಾಗಿರಲ್ಲ, ದೊಡ್ಡವರ ಸಾಲಿನಲ್ಲಿ ಒಂದು ಜಾಗ ಬೇಕಾಗಿರುತ್ತದೆ. ಹೊಸತೊಡಕು, ಮಾರಿಹಬ್ಬ, ಗಣಪತಿ ಬಿಡುವ ಮೆರವಣಿಗೆ, ಎಲ್ಲ ಕಡೆ ಇದೇ ನಡೆಯುತ್ತದೆ.

ಸುಮ್ನೆ ರುಚಿ ನೋಡೋದು ಅಂತ ತಳ್ಳಿಹಾಕುವ ವಿಷಯ ಅಲ್ಲ ಇದು. ಮುಂದಾಲೋಚನೆ ಮಾಡುವ, ಆಸೆಗೆ ಕಡಿವಾಣ ಹಾಕುವ ಮಿದುಳಿನ ಭಾಗ ಪೂರ್ತಿ ಬಲಿಯೋದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೈದು ತುಂಬುವ ಮುಂಚೆ ಕುಡಿಯೋಕೆ ಶುರು ಮಾಡಿದವರು ಮುಂದೆ ಚಟಕ್ಕೆ ಬೀಳುವ ಸಾಧ್ಯತೆ, 21ರ ನಂತರ ಶುರು ಮಾಡಿದವರಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂತ ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಕಂಡಿತ್ತು. ನಮ್ಮ ದೇಶದ್ದೇ ಬೇಕಂದ್ರೆ, ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಆಸ್ಪತ್ರೆಯ ಮೂಲಕ ಮಾಡಿಸಿದ ಸಮೀಕ್ಷೆ 2019ರಲ್ಲಿ ಹೊರಗೆ ಬಂತು. 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1.3ರಷ್ಟು ಮಂದಿ ಮದ್ಯ ಕುಡಿಯುತ್ತಾರೆ ಅಂತ ಅದರಲ್ಲಿದೆ. ಕೇಳೋಕೆ ಸಣ್ಣ ಸಂಖ್ಯೆ. ಇಡೀ ದೇಶದ ಮಕ್ಕಳ ಲೆಕ್ಕಕ್ಕೆ ಹಾಕಿದರೆ ಲಕ್ಷಗಟ್ಟಲೆ ಆಗುತ್ತದೆ.

ವಾರ್ಡ್ ಸಿಸ್ಟರ್, ಮಂಡ್ಯ:

ಚಿಕ್ಕಮ್ಮನವರೇ, ಮೊದಲು ಆ ಪುಡಿ ವಿಷಯ. ದಯವಿಟ್ಟು ಬೇಡ. ಅಕ್ಕನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಇಂಥ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಕುಡಿತ ಬಿಡಿಸೋಕೆ ಡಾಕ್ಟರು ಕೊಡುವ ಡೈಸಲ್ಫಿರಾಂ ಅನ್ನೋ ಮಾತ್ರೆಯನ್ನು ಪುಡಿ ಮಾಡಿ ಗುಟ್ಟಾಗಿ ಊಟಕ್ಕೆ ಬೆರೆಸೋರಿದ್ದಾರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿ ನಿಲ್ಲಲ್ಲ, ಬಿಪಿ ಕುಸಿಯುತ್ತದೆ. ಪ್ರಾಣ ಹೋಗುವುದೂ ಉಂಟು. ಡಾಕ್ಟರು ಆ ಮಾತ್ರೆ ಕೊಡುವಾಗ ರೋಗಿಗೆ ಎಲ್ಲ ವಿವರಿಸಿ, ಅವನು ಒಪ್ಪಿದ ಮೇಲೆ ಮಾತ್ರ ಕೊಡುತ್ತಾರೆ. ಹದಿನಾರರ ಹುಡುಗನಿಗೆ ಗೊತ್ತಿಲ್ಲದೆ ಹಾಕುವುದು ವಿಷ ಹಾಕಿದ ಹಾಗೆ.

ಎರಡನೆಯದು, ರೂಮಿನಲ್ಲಿ ಕೂಡಿಹಾಕೋದು. ಅವನು ಆಗೊಮ್ಮೆ ಈಗೊಮ್ಮೆ ಕುಡಿಯುತ್ತಿದ್ದರೆ ನಿಲ್ಲಿಸಿದಾಗ ದೊಡ್ಡ ತೊಂದರೆ ಆಗಲ್ಲ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಬರಲ್ಲ, ಮೊದಲ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣೋದು, ಬಡಬಡಿಸೋದು ಆಗುತ್ತದೆ. ಅದಕ್ಕೇ ಎಷ್ಟು, ಯಾವಾಗಿಂದ, ಮತ್ತೇನು ಅನ್ನೋದು ಡಾಕ್ಟರಿಗೆ ಗೊತ್ತಾಗಬೇಕು.

ನೀವು ಮೈಸೂರಲ್ಲಿ ಇದ್ದೀರಿ. ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಆ ವಿಭಾಗ ಇದೆ. ನಮ್ಮ ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ ಇದೆ. ತುಂಬಾ ಕಷ್ಟದ ಕೇಸಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಮನೋವೈದ್ಯರು ಅಂದ ತಕ್ಷಣ "ನನ್ನ ಮಗ ಹುಚ್ಚನಾ" ಅಂತ ತಂದೆ ತಾಯಿ ಜಗಳಕ್ಕೇ ನಿಲ್ಲುತ್ತಾರೆ. ಅಲ್ಲಿ ಆಗೋದು ಇಷ್ಟೇ. ಚೀಟಿ ಮಾಡಿಸುತ್ತೀರಿ. ಡಾಕ್ಟರು ನಿಮ್ಮ ಹತ್ತಿರ ಸ್ವಲ್ಪ ಹೊತ್ತು, ಅವನೊಬ್ಬನ ಹತ್ತಿರ ಸ್ವಲ್ಪ ಹೊತ್ತು ಮಾತಾಡುತ್ತಾರೆ. ನಿದ್ದೆ, ಹಸಿವು, ಓದು, ಗೆಳೆಯರು, ಮನೆಯ ಜಗಳ ಎಲ್ಲ ಕೇಳುತ್ತಾರೆ. ಬೇಕಿದ್ದರೆ ರಕ್ತ, ಮೂತ್ರ ಪರೀಕ್ಷೆ. ಬಹಳಷ್ಟು ಹುಡುಗರಿಗೆ ಅಡ್ಮಿಟ್ ಆಗುವ ಅಗತ್ಯವೇ ಇರಲ್ಲ. ಆಪ್ತಸಮಾಲೋಚನೆಗೆ ಬಂದು ಹೋಗುತ್ತಿದ್ದರೆ ಸಾಕಾಗುತ್ತದೆ. ಕುಡಿತದ ಹಿಂದೆ ಖಿನ್ನತೆಯೋ ಹೆದರಿಕೆಯೋ ಇದ್ದರೆ ಅದಕ್ಕೂ ಚಿಕಿತ್ಸೆ ಶುರುವಾಗುತ್ತದೆ.

ಹೋಗೋಕೆ ಮುಂಚೆ ಮಾತಾಡಬೇಕು ಅನಿಸಿದರೆ 14446 ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಕಟ್ಟಾಗಲ್ಲ. 14416 ಟೆಲಿ ಮಾನಸ್, ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಒಂದು ಕೇಳಲಾ? ನಿಮ್ಮ ಭಾವ ಕುಡಿಯುತ್ತಾರಾ?

ಕುವೆಂಪುನಗರದ ಚಿಕ್ಕಮ್ಮ:

ಕುಡಿಯುತ್ತಾರೆ ಸಿಸ್ಟರ್. ದಿನಾ ಅಲ್ಲ. ಕಬ್ಬಿನ ಬಿಲ್ಲು ಬಂದಾಗ, ಫಂಕ್ಷನ್‌ಗಳಲ್ಲಿ, ಬೇಜಾರಾದಾಗ. ಮನೆಯ ಅಟ್ಟದ ಮೇಲೆ ಬಾಟ್ಲಿ ಇರೋದು ಎಲ್ಲರಿಗೂ ಗೊತ್ತು. ದಸರಾ ರಜೆಯಲ್ಲಿ ಅವರ ತಮ್ಮನ ಮದುವೆ ಮಾತುಕತೆ, ಊಟ ಎಲ್ಲ ಇತ್ತು. ಮೇಷ್ಟ್ರು ಬರೆದದ್ದು ಓದುವಾಗ ಅದೇ ಕಣ್ಮುಂದೆ ಬಂತು.

ಮದ್ದೂರಿನ ಹುಡುಗ:

ಅಕ್ಕ, ನನಗೀಗ ಇಪ್ಪತ್ತೆರಡು. ನಾನು ಶುರು ಮಾಡಿದ್ದು ಹತ್ತನೇ ಕ್ಲಾಸಲ್ಲಿ, ಮೇಷ್ಟ್ರು ಹೇಳಿದ ಥರದ್ದೇ ಒಂದು ತೋಟದಲ್ಲಿ. ಪಿಯುಗೆ ಬಂದಾಗ ಗೆಳೆಯರು ಸೊಪ್ಪು ಕೊಟ್ಟರು. ಗಾಂಜಾಗೆ ನಮ್ಮ ಕಡೆ ಹಾಗೇ ಅನ್ನೋದು. ಗಿಡದ್ದು, ಬೇರೆ ಡ್ರಗ್ಸ್ ಥರ ಅಲ್ಲ, ಏನೂ ಆಗಲ್ಲ ಅಂತ ಎಲ್ಲರೂ ನಂಬಿದ್ದೆವು. ನಮ್ಮ ಜೊತೆಗಿದ್ದ ಒಬ್ಬನಿಗೆ ಯಾರೋ ಹಿಂಬಾಲಿಸ್ತಾರೆ, ಕಿವಿಯಲ್ಲಿ ಮಾತಾಡ್ತಾರೆ ಅಂತ ಶುರುವಾಯಿತು. ಅವನು ಆಸ್ಪತ್ರೆ ಸೇರಿದ. ಇವತ್ತಿಗೂ ಮಾತ್ರೆ ತಗೊಳ್ಳುತ್ತಿದ್ದಾನೆ. ಎಲ್ಲರಿಗೂ ಹಾಗಾಗಲ್ಲ ಅಂತ ಡಾಕ್ಟರು ಹೇಳಿದರು. ಆದರೆ ಯಾರಿಗೆ ಆಗುತ್ತದೆ ಅಂತ ಮುಂಚೆ ತಿಳಿಯಲ್ಲ, ಚಿಕ್ಕ ವಯಸ್ಸಲ್ಲಿ ಸೇದಿದರೆ ಅಪಾಯ ಜಾಸ್ತಿ ಅಂದರು.

ನಮ್ಮಪ್ಪನೂ ನನಗೆ ಹೊಡೆದರು. ಹೊಡೆದ ರಾತ್ರಿ ನಾನು ಮನೆಯಲ್ಲಿ ಇರಲಿಲ್ಲ. ವಿ.ಸಿ. ನಾಲೆ ಏರಿ ಮೇಲೆ ಅದೇ ಗೆಳೆಯರ ಜೊತೆ ಇದ್ದೆ. ಮನೆಯಲ್ಲಿ ಏಟು, ಅಲ್ಲಿ ಹೆಗಲ ಮೇಲೆ ಕೈ. ಹದಿನಾರು ವರ್ಷದವನು ಎಲ್ಲಿಗೆ ಹೋಗ್ತಾನೆ ಹೇಳಿ?

ನನಗೆ ದಾರಿ ಸಿಕ್ಕಿದ್ದು ನಮ್ಮ ಸೋದರಮಾವನಿಂದ. ಅವರು ಬೈಯಲಿಲ್ಲ, ಆಣೆ ಮಾಡಿಸಲಿಲ್ಲ. ಮಂಡ್ಯದಲ್ಲಿ ಟೀ ಕುಡಿಸುತ್ತಾ, "ನಿಂಗೆ ಇದು ಬೇಕು ಅನ್ಸೋದು ಯಾವಾಗ?" ಅಂತ ಒಂದೇ ಪ್ರಶ್ನೆ ಕೇಳಿದರು. ಉತ್ತರ ಹೇಳುವವರೆಗೂ ಕಾದರು. ಆಮೇಲೆ ಅವರೇ ಬೈಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದರು. ಬಿಟ್ಟೆ, ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಮತ್ತೆ ಹಿಡಿದಾಗಲೂ ಮಾವ ಅದೇ ಥರ ಬಂದರು. ಸಂಜೆ ಐದರಿಂದ ಎಂಟು ನನಗೆ ತುಂಬಾ ಕಷ್ಟದ ಹೊತ್ತು. ಆ ಹೊತ್ತಿಗೆ ಕಬಡ್ಡಿ ಪ್ರಾಕ್ಟೀಸ್‌ಗೆ ಸೇರಿಸಿದರು. ನಿಮ್ಮ ಹುಡುಗನಿಗೂ ಟ್ಯೂಷನ್ ಮುಗಿದ ಮೇಲಿನ ಹೊತ್ತು ಯಾವುದು ಅಂತ ನೋಡಿ. ಅದಕ್ಕೆ ಏನಾದರೂ ಬೇಕೇ ಬೇಕು, ಸುಮ್ನೆ ರೂಮಲ್ಲಿ ಕೂತ್ಕೊ ಅಂದರೆ ಆಗಲ್ಲ.

ಮೆಡಿಕಲ್ ಅಂಗಡಿ, ಸರಸ್ವತಿಪುರಂ:

ಕಣ್ಣಿನ ಡ್ರಾಪ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಮೇಡಂ, ಗಾಂಜಾ ಸೇದಿದರೆ ಕಣ್ಣು ಕೆಂಪಾಗುತ್ತದೆ. ಅದನ್ನು ಮರೆಸೋಕೆ ಹುಡುಗರು ಡ್ರಾಪ್ಸ್ ತಗೊಂಡು ಹೋಗುವುದಿದೆ. ಹಾಗಂತ ಡ್ರಾಪ್ಸ್ ಸಿಕ್ಕಿದ್ದಕ್ಕೇ ಗಾಂಜಾ ಅಂತ ತೀರ್ಮಾನ ಮಾಡಬೇಡಿ. ಮೊಬೈಲ್ ನೋಡಿ ನೋಡಿ ಕಣ್ಣುರಿ ಬಂದೂ ತಗೊಂಡಿರಬಹುದು. ಡಾಕ್ಟರ ಹತ್ತಿರ ಇದನ್ನೂ ಹೇಳಿ.

ಕೋಡಿನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್ ಥರದ ನೋವಿನ ಮಾತ್ರೆ ಇವು ಕಟ್ಟುನಿಟ್ಟಿನ ಔಷಧಗಳ ಎಚ್1 ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಲ್ಲ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಯೂನಿಫಾರ್ಮ್‌ನಲ್ಲೇ ಬಂದು "ಅಜ್ಜಿಗೆ ಅಂಕಲ್" ಅಂತ ಕೇಳೋ ಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ನಾನು ಕೊಡಲ್ಲ ಅಂದರೆ ಇನ್ನೊಂದು ಬೀದಿಗೆ ಹೋಗುತ್ತಾರೆ. ನಿಯಮ ಮುರಿದು ಕೊಡುವ ಅಂಗಡಿ ಗೊತ್ತಿದ್ದರೆ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ, ನಮ್ಮ ವೃತ್ತಿಯವರು ಅಂತ ನಾನೇನೂ ಬೇಜಾರು ಮಾಡಿಕೊಳ್ಳಲ್ಲ.

ಮನೆಯಲ್ಲಿ ಅಜ್ಜಿ ತಾತನ ನಿದ್ದೆ ಮಾತ್ರೆ, ಆಪರೇಷನ್ ಆದಾಗ ಉಳಿದ ನೋವಿನ ಮಾತ್ರೆ ಫ್ರಿಜ್ ಮೇಲೆ ಬಿದ್ದಿರುತ್ತವೆ. ಬೀರುವಿನಲ್ಲಿಟ್ಟು ಬೀಗ ಹಾಕಿ. ಚಿಕ್ಕ ಮಕ್ಕಳಾದರೆ ವೈಟ್ನರ್, ಪಂಕ್ಚರ್ ಸಲ್ಯೂಷನ್ ಮೇಲೂ ಕಣ್ಣಿರಲಿ. ಮೇಷ್ಟ್ರು ಹೇಳಿದ ಏಮ್ಸ್ ಸಮೀಕ್ಷೆಯಲ್ಲೇ ಇದೂ ಇದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ ಕಂಡದ್ದು ಮೂಸುವ ಚಟ ಒಂದೇ. ಒಂದೇ ಸಲ ಮೂಸಿ ಹೃದಯ ನಿಂತು ಸತ್ತ ಮಕ್ಕಳೂ ಇದ್ದಾರೆ.

ವಕೀಲೆ, ಮಂಡ್ಯ:

ಕಾನೂನಿನ ವಿಷಯ ಹೇಳುತ್ತೇನೆ, ಯಾಕೆಂದರೆ ಪೊಲೀಸ್ ಕೇಸಾಗುತ್ತದೆ ಅನ್ನುವ ಭಯಕ್ಕೇ ಎಷ್ಟೋ ಮನೆಯವರು ಆಸ್ಪತ್ರೆಗೆ ಹೋಗಲ್ಲ. ಕುಡಿದ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಯಾವ ಕೇಸೂ ಇಲ್ಲ. ಗಾಂಜಾ ಥರದ್ದಾದರೂ, ಸೇದಿದ ಆರೋಪ ಬಂದವರು ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ, ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವರಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಅಷ್ಟೇ. ಹದಿನೆಂಟು ತುಂಬದವನು ಸಿಕ್ಕಿಬಿದ್ದರೂ ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಈಗ ಕೊಟ್ಟವರ ವಿಷಯ. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಪ್ರಸ್ತಾವ ಬಂದಿತ್ತು, ಜನ ವಿರೋಧಿಸಿದ ಮೇಲೆ ಕೈಬಿಟ್ಟರು. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಇನ್ನೂ ಗಟ್ಟಿ. ವೈದ್ಯರ ಸೂಚನೆ ಇಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಮಾರಿದವರಿಗೆ ಮಾತ್ರ ಅಂತ ಅದರಲ್ಲಿ ಇಲ್ಲ, ಕೊಟ್ಟವರಿಗೆ ಅಂತಿದೆ. ತೋಟದಲ್ಲಿ ಲೋಟ ಮುಂದೆ ಹಿಡಿದ ಮಾವನೂ ಅದರೊಳಗೆ ಬರುತ್ತಾನೆ. ಮಗುವನ್ನು ತರೋಕೆ, ಸಾಗಿಸೋಕೆ ಬಳಸಿದರೆ 78ನೇ ಕಲಂ, ಅದಕ್ಕೂ ಇಷ್ಟೇ ಶಿಕ್ಷೆ.

ಖಾಸಗಿ ಸೆಂಟರ್‌ಗೆ ಸೇರಿಸುವ ಮುಂಚೆ ಎರಡು ಸಲ ಯೋಚಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಅದು ನೋಂದಣಿ ಆಗಿರಬೇಕು. ಸರಪಳಿ ಹಾಕುವಂತಿಲ್ಲ. ಮಕ್ಕಳನ್ನು ದೊಡ್ಡವರ ಜೊತೆ ಇಡುವಂತಿಲ್ಲ. ಮನೆಯವರನ್ನು ಒಳಗೆ ಬಿಡಲ್ಲ, ನೋಂದಣಿ ಪತ್ರ ತೋರಿಸಲ್ಲ ಅನ್ನುವ ಜಾಗಕ್ಕೆ ಮಗುವನ್ನು ಬಿಡಬೇಡಿ.

ಕೆ.ಆರ್. ಪೇಟೆ ರೈತ:

ಲಾಯರಮ್ಮ, ಕಾನೂನು ಸರಿ. ಆದರೆ ಹಳ್ಳಿಯಲ್ಲಿ ಸ್ವಂತ ಮಾವನ ಮೇಲೆ ಯಾರು ದೂರು ಕೊಡುತ್ತಾರೆ? ಅದು ಆಗದ ಮಾತು. ಮದ್ದೂರಿನ ಹುಡುಗ ಬರೆದದ್ದು ಓದಿದ ಮೇಲೆ ಹೊಡೆಯೋ ಮಾತು ನಾನು ಇನ್ನು ಎತ್ತಲ್ಲ. ಇನ್ನೊಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಬಾರ್ ಇಲ್ಲ. ಆದರೂ ಬೀಡಿ ಬೆಂಕಿಪಟ್ಣ ಮಾರೋ ಪೆಟ್ಟಿಗೆ ಅಂಗಡಿಯಲ್ಲಿ ಬೆಳಗ್ಗೆ ಆರಕ್ಕೇ ಪ್ಯಾಕೆಟ್ ಸಿಗುತ್ತದೆ. ಪಟ್ಟಣದ ವೈನ್ ಸ್ಟೋರಿಂದ ತಂದು ಮೇಲೆ ಹತ್ತಿಪ್ಪತ್ತು ಇಟ್ಟುಕೊಂಡು ಮಾರುತ್ತಾರೆ. ಅಲ್ಲಿ ವಯಸ್ಸು ಕೇಳೋರು ಯಾರು? ಶಾಲೆಗೆ ಹೋಗೋ ಮಕ್ಕಳು ಅದೇ ಅಂಗಡಿಯಲ್ಲಿ ಪೆನ್ನು ತಗೊಳ್ಳುತ್ತಾರೆ.

ಮಳವಳ್ಳಿ ಸಂಘದ ಅಕ್ಕ:

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಾವು ಹೆಂಗಸರು ಇನ್ನು ಮುಗೀತು ಅಂದುಕೊಂಡೆವು. ಸಾರಾಯಿ ಪ್ಯಾಕೆಟ್ ಹೋಗಿ ಬೇರೆ ಪ್ಯಾಕೆಟ್ ಬಂತು. ಪೆಟ್ಟಿಗೆ ಅಂಗಡಿಯಲ್ಲಿ ಮಾರೋದು ಪೂರ್ತಿ ಅಕ್ರಮ. ನಾವು ಸಂಘದಿಂದ ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿದೆವು. ಬರೀ ಬಾಯಿಮಾತಲ್ಲಿ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ತಗೊಂಡು ಅಬಕಾರಿ ಕಚೇರಿಗೂ ಪೊಲೀಸ್ ಠಾಣೆಗೂ ಕೊಡಿ. ಒಬ್ಬರೇ ಹೋದರೆ ಅಂಗಡಿಯವನಿಗೆ ಹೆಸರು ತಲುಪುತ್ತದೆ, ಮನೆ ಮುಂದೆ ಗಲಾಟೆ ಆಗುತ್ತದೆ. ಇಪ್ಪತ್ತು ಜನ ಒಟ್ಟಿಗೆ ಹೋಗಿ. ಮಕ್ಕಳ ಗ್ರಾಮ ಸಭೆಯೂ ನಡೆಯುತ್ತದಲ್ಲ, ಅಲ್ಲಿ ಮಕ್ಕಳೇ ಈ ಮಾತು ಎತ್ತಿದರೆ ಪಂಚಾಯಿತಿಯವರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ.

ಬೀಗರೂಟದ ವಿಷಯಕ್ಕೆ ಬಂದರೆ, ನಮ್ಮ ಬೀದಿಯಲ್ಲಿ ಕೆಲವು ಮನೆಯವರು ಒಂದು ಕಟ್ಟು ಮಾಡಿಕೊಂಡಿದ್ದಾರೆ. ಎಣ್ಣೆ ಪೂರ್ತಿ ನಿಲ್ಲಿಸೋಕೆ ಗಂಡಸರು ಒಪ್ಪಲಿಲ್ಲ. ಆದರೆ ಆ ಕಡೆಗೆ ಮಕ್ಕಳು ಹೋಗಕೂಡದು, ನೀರು ಲೋಟ ಬೇಕಾದರೆ ಕುಡಿಯೋರೇ ಎದ್ದು ಬಂದು ತಗೊಳ್ಳಬೇಕು, ಅಂಗಡಿಗೆ ಮಕ್ಕಳನ್ನು ಕಳಿಸಕೂಡದು ಅಂತ. ಶುರುವಿನಲ್ಲಿ ಗೊಣಗಿದರು, ಈಗ ರೂಢಿಯಾಗಿದೆ.

ವಾರ್ಡ್ ಸಿಸ್ಟರ್, ಮಂಡ್ಯ:

ಸಂಘದ ಅಕ್ಕ ಹೇಳಿದ್ದರ ಜೊತೆಗೆ ಒಂದು ಸೇರಿಸುತ್ತೇನೆ, ಇದನ್ನು ಹದಿಹರೆಯದ ಮಕ್ಕಳಿಗೂ ಹೇಳಿಕೊಡಿ. ಗಣಪತಿ ಮೆರವಣಿಗೆ, ಹೊಸ ವರ್ಷದ ರಾತ್ರಿ ಹುಡುಗ ಪ್ರಜ್ಞೆ ತಪ್ಪಿ ಬಿದ್ದರೆ ಗೆಳೆಯರು ಹೆದರಿ ಮನೆಗೆ ಹೇಳಲ್ಲ. ನಿಂಬೆಹಣ್ಣು ಹಿಂಡುತ್ತಾರೆ, ಮಜ್ಜಿಗೆ ಕುಡಿಸುತ್ತಾರೆ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುತ್ತಾರೆ, ಮಲಗಿದರೆ ಇಳಿಯುತ್ತೆ ಅಂತ ಅಂಗಾತ ಮಲಗಿಸಿ ಹೋಗುತ್ತಾರೆ. ಅಂಗಾತ ಮಲಗಿದವನಿಗೆ ವಾಂತಿ ಬಂದರೆ ಅದು ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ಬಾಯಿ ನೆಲದ ಕಡೆ ಇರುವ ಹಾಗೆ ಮಲಗಿಸಿ. ಕರೆದರೂ ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬರುವವರೆಗೂ ಒಬ್ಬರು ಪಕ್ಕದಲ್ಲೇ ಇರಬೇಕು.

ಕುವೆಂಪುನಗರದ ಚಿಕ್ಕಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಭಾನುವಾರ ಭಾವ ಬರುವ ಮುಂಚೆಯೇ ನಾನು ಅವನ ಹತ್ತಿರ ಮಾತಾಡಿದೆ. ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಕರ್ಕೊಂಡು ಹೋಗಿದ್ದೆ. ಬ್ಯಾಗಲ್ಲಿ ಸಿಕ್ಕಿದ್ದನ್ನು ಹೇಳಿದೆ, ಬೈಯಲಿಲ್ಲ. ಮದ್ದೂರಿನ ಹುಡುಗ ಬರೆದ ಪ್ರಶ್ನೆಯನ್ನೇ ಕೇಳಿದೆ. ಬಹಳ ಹೊತ್ತು ಸುಮ್ನೆ ನಡೆದ. ಆಮೇಲೆ ಹೇಳಿದ, ಇಲ್ಲಿನ ಕಾಲೇಜಲ್ಲಿ ಎಲ್ಲರೂ ಇಂಗ್ಲಿಷ್‌ನಲ್ಲಿ ಪಟಪಟ ಅಂತಾರೆ, ನನಗೆ ಭೌತಶಾಸ್ತ್ರ ಒಂದಕ್ಷರ ತಲೆಗೆ ಹತ್ತಲ್ಲ, ಟೆಸ್ಟ್‌ನಲ್ಲಿ ಫೇಲಾಗಿದ್ದೀನಿ, ಅಪ್ಪನಿಗೆ ಗೊತ್ತಾದರೆ ಕೊಂದೇಬಿಡ್ತಾರೆ ಅಂತ. ಕುಡಿದಾಗ ಅದೆಲ್ಲ ಮರೆತು ಹೋಗುತ್ತಂತೆ. ಗಾಂಜಾ ಸೇದಿದ್ದೂ ಹೌದು ಅಂದ.

ಭಾವ ಬಂದಾಗ ಸಿಟ್ಟಲ್ಲೇ ಇದ್ದರು. ನಾನು, ನಮ್ಮ ಯಜಮಾನರು ಇಬ್ಬರೂ ಬಾಗಿಲಲ್ಲೇ ಹೇಳಿದೆವು, ಕೈ ಎತ್ತೋದಾದರೆ ಒಳಗೆ ಬರಬೇಡಿ ಅಂತ. ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದೆ. 77ನೇ ಕಲಂ ಕೇಳಿದಾಗ ತಲೆ ಎತ್ತಲಿಲ್ಲ. ಅಟ್ಟದ ಬಾಟ್ಲಿ ತೆಗೆಸುತ್ತೀನಿ ಅಂತ ಅಕ್ಕನಿಗೆ ಅವರೇ ಹೇಳಿದರು. ಕೆ.ಆರ್. ಆಸ್ಪತ್ರೆಗೆ ಅವರೂ ಬಂದರು. ಡಾಕ್ಟರು ಹುಡುಗನೊಬ್ಬನ ಜೊತೆಯೇ ಮಾತಾಡಿದರು. ಅಡ್ಮಿಟ್ ಬೇಡ, ವಾರಕ್ಕೊಂದು ಸಲ ಬನ್ನಿ ಅಂದಿದ್ದಾರೆ. ಭಾವನನ್ನೂ ಬೇರೆ ಒಂದು ದಿನ ಬರೋಕೆ ಹೇಳಿದ್ದಾರೆ. ಬರ್ತೀನಿ ಅಂದಿದ್ದಾರೆ, ನೋಡಬೇಕು.

ಈಗ ಎರಡು ಕೇಳಬೇಕಿತ್ತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಿಯು ವಿಜ್ಞಾನ ತಾಳ್ಮೆಯಿಂದ ಹೇಳಿಕೊಡೋರು ಕುವೆಂಪುನಗರ, ಸರಸ್ವತಿಪುರಂ ಕಡೆ ಯಾರಾದರೂ ಗೊತ್ತಾ? ಕಾಲೇಜಿನವರಿಗೆ ಈ ವಿಷಯ ಹೇಳಬೇಕಾ, ಬೇಡವಾ?

ಪಾಂಡವಪುರದ ಮೇಷ್ಟ್ರು:

ಮೇಡಂ, ಕಾಲೇಜಿಗೆ ಕುಡಿತದ ವಿಷಯ ಈಗಲೇ ಹೇಳೋದು ಬೇಡ. ಅವನನ್ನು ಕೇಳದೆ ಯಾರಿಗೂ ಹೇಳಬೇಡಿ, ಇಲ್ಲಾಂದ್ರೆ ಕೆರೆ ಹತ್ತಿರ ಬಾಯಿಬಿಟ್ಟವನು ಮತ್ತೆ ಬಾಯಿಬಿಡಲ್ಲ. ಭೌತಶಾಸ್ತ್ರದ ಉಪನ್ಯಾಸಕರನ್ನು ಮಾತ್ರ ಹೋಗಿ ನೋಡಿ, ಪಾಠ ಹಿಡಿಸುತ್ತಿಲ್ಲ ಅಂತ ಹೇಳಿ. ಅದನ್ನು ಹೇಳೋಕೆ ಅವನೂ ಒಪ್ಪಬಹುದು. ಪಾಠಕ್ಕೆ ನನ್ನ ಹಳೆಯ ಶಿಷ್ಯ ಒಬ್ಬ ಇದ್ದಾನೆ, ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಎಂಎಸ್ಸಿ ಮಾಡುತ್ತಿದ್ದಾನೆ. ಹತ್ತರವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವನು. ಸಂಜೆ ಐದರ ಮೇಲೆ ಬಿಡುವಾಗಿರುತ್ತಾನೆ. ಇವತ್ತೇ ಅವನನ್ನು ಕೇಳಿ ತಿಳಿಸುತ್ತೇನೆ.